ಬಯಲಿನಲ್ಲಿ ಒಬ್ಬಂಟಿ: ಹ್ಯೂಯಿ ಲೀ-ಸ್ಮಿತ್ ಅವರ ಚಿತ್ರಗಳು

ಅಮೆರಿಕದ ಡೆಟ್ರಾಯಿಟ್ ನಗರದ ಕಲಾಸಂಗ್ರಹಾಲಯದಲ್ಲಿ ‘ಟೈರು ಹಿಡಿದ ಹುಡುಗ’ ಎಂಬ ತೈಲಚಿತ್ರವೊಂದಿದೆ. 1952ರಲ್ಲಿ ರಚಿತವಾದುದು. ನಗರದ ನಡುವಿನ ಒಂದು ಬರಿದಾದ ಜಾಗ, ಹಿನ್ನೆಲೆಯಲ್ಲಿ ಕಳೆಗುಂದಿದ ಕಟ್ಟಡ. ಅಲ್ಲಿ ಕಪ್ಪು ಬಣ್ಣದ ಹುಡುಗನೊಬ್ಬ ಮೋಟಾರು ಗಾಡಿಯ ಟೈರೊಂದನ್ನು ಹಿಡಿದು ನಿಂತಿದ್ದಾನೆ. ಟೈರು ಉರುಳಿಸಿಕೊಂಡು ಓಡುವುದು ಲೋಕದ ಎಲ್ಲ ಬಡ ಮಕ್ಕಳಿಗೂ ತಿಳಿದಿರುವ ಆಟ. ಆದರೆ ಈ ಹುಡುಗ ಓಡುತ್ತಿಲ್ಲ. ಅವನ ಜೊತೆಗೆ ಓಡುವವರೂ ಯಾರಿಲ್ಲ. ಆಟವು ಇನ್ನೂ ಆರಂಭವಾಗಿಲ್ಲವೋ, ಎಂದೋ ಮುಗಿದುಹೋಗಿದೆಯೋ ಎಂಬುದನ್ನು ಚಿತ್ರ ಹೇಳುವುದಿಲ್ಲ. ನೋಡುಗನ ಕಣ್ಣು ಹುಡುಗನಿಂದ ಟೈರಿಗೆ, ಟೈರಿನಿಂದ ನೆಲಕ್ಕೆ, ನೆಲದಿಂದ ಮತ್ತೆ ಹುಡುಗನಿಗೆ ಮರಳುತ್ತದೆ. ಬೇರೆಲ್ಲಿಯೂ ಅದಕ್ಕೆ ನೆಲೆ ದೊರೆಯುವುದಿಲ್ಲ.

ಈ ಚಿತ್ರವನ್ನು ಬರೆದವರು ಹ್ಯೂಯಿ ಲೀ-ಸ್ಮಿತ್. 1915ರಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡ ಈ ಆಫ್ರಿಕನ್-ಅಮೆರಿಕನ್ ಕಲಾವಿದರು ತಮ್ಮ ಆರು ದಶಕಗಳ ದುಡಿಮೆಯಲ್ಲಿ ಮತ್ತೆ ಮತ್ತೆ ಬರೆದುದು ಬಹುಮಟ್ಟಿಗೆ ಒಂದೇ ಲೋಕವನ್ನು. ಸುಣ್ಣ ಉದುರಿದ ಗೋಡೆಗಳು, ಬಿರುಕುಬಿಟ್ಟ ಗಾರೆಯ ಕಟ್ಟೆಗಳು, ಎತ್ತಲೂ ಹೋಗದ ದಾರಿಗಳು, ತಗ್ಗಿದ ದಿಗಂತದ ಮೇಲೆ ಬಹು ವಿಶಾಲವಾದ ಬೂದುಬಣ್ಣದ ಆಕಾಶ, ಕೆಲವೊಮ್ಮೆ ಕಡಲತೀರ. ಆ ಲೋಕದಲ್ಲಿ ಒಬ್ಬ ಮನುಷ್ಯ, ಹೆಚ್ಚೆಂದರೆ ಇಬ್ಬರು. ಅವರು ನಿಂತಿರುತ್ತಾರೆ. ಆಗಾಗ ನೋಡುಗನಿಗೆ ಬೆನ್ನು ತಿರುಗಿಸಿರುತ್ತಾರೆ. ಗಾಳಿ ಬೀಸುತ್ತಿರುತ್ತದೆ ಎಂಬುದು ಒಂದು ರಿಬ್ಬನ್ನಿನ ಹಾರಾಟದಿಂದ ಮಾತ್ರ ತಿಳಿಯುತ್ತದೆ.

ಏಕಾಂಗಿಯಾಗಿ, ನಿಶ್ಚಲವಾಗಿ ನಿಂತ ಮಾನವಾಕೃತಿಯನ್ನು ಕಂಡೊಡನೆ ಒಂದು ಬಗೆಯ ಭಾವ ತಾನಾಗಿ ಮೂಡುವ ಸಂಸ್ಕಾರ ಈ ಪತ್ರಿಕೆಯ ಓದುಗರಿಗಿದೆ. ಕಾಯೋತ್ಸರ್ಗದಲ್ಲಿ ನಿಂತ ಮೂರ್ತಿಯನ್ನು ಬಾಲ್ಯದಿಂದ ಕಂಡವರಿಗೆ ಒಂಟಿಯಾಗಿ ನಿಲ್ಲುವುದೆಂದರೆ ಗೆಲುವು. ಏಕತ್ವಭಾವನೆಯನ್ನು ನೆನೆದವರಿಗೆ ಜೀವನು ಒಬ್ಬನೇ ಬಂದು ಒಬ್ಬನೇ ಹೋಗುತ್ತಾನೆಂಬ ಅರಿವು ಬಿಡುಗಡೆಯ ಮೊದಲ ಮೆಟ್ಟಿಲು. ಆದ್ದರಿಂದ ಲೀ-ಸ್ಮಿತ್ ಅವರ ಚಿತ್ರಗಳ ಮುದ್ರಿತ ಪ್ರತಿಗಳನ್ನು ಕಂಡವರು ‘ಎಂಥ ಶಾಂತಿ! ಎಂಥ ವೈರಾಗ್ಯ!’ ಎಂದುಕೊಳ್ಳುವುದು ಸಹಜ. ಸಹಜವಾದರೂ ಅದು ತಪ್ಪು. ಬರಿಯ ಕಲಾಭಿರುಚಿಯ ತಪ್ಪಲ್ಲ, ನೀತಿಯ ತಪ್ಪು. ತಾನೇ ಎಲ್ಲವನ್ನೂ ಬಿಟ್ಟು ಬಯಲಿಗೆ ಬಂದು ನಿಂತವನಿಗೂ, ಊರು ಹೊರಗಿಟ್ಟದ್ದರಿಂದ ಬಯಲಿನಲ್ಲಿ ಉಳಿದವನಿಗೂ ನಿಲುವು ಒಂದೇ ಆಗಿ ತೋರಬಹುದು. ಆದರೆ ಎರಡನೆಯವನ ಒಂಟಿತನವನ್ನು ಮೊದಲನೆಯವನ ತ್ಯಾಗವೆಂದು ಕೊಂಡಾಡುವುದು, ಹಸಿದವನನ್ನು ಉಪವಾಸಿಯೆಂದು ಹೊಗಳಿದಂತೆ. ಈ ಭೇದವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದರಲ್ಲಿಯೇ ಈ ಕಲಾವಿದರ ಹಿರಿಮೆಯಿದೆ.

ಅವರ ಬಾಳಿನ ವಿವರಗಳು ಇದಕ್ಕೆ ಬೆಳಕು ಕೊಡುತ್ತವೆ. ಫ್ಲಾರಿಡಾ ರಾಜ್ಯದ ಯೂಸ್ಟಿಸ್ ಎಂಬ ಊರಿನಲ್ಲಿ ಜನನ. ತಾಯಿ ಗಾಯಕಿ, ಸಂಗೀತದ ಬದುಕನ್ನು ಅರಸಿ ಆಕೆ ಉತ್ತರದ ಕ್ಲೀವ್‌ಲ್ಯಾಂಡಿಗೆ ಹೋದುದರಿಂದ ಮಗು ಅಟ್ಲಾಂಟಾದಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆಯಿತು. ಹತ್ತು ವರ್ಷದವನಾದಾಗ ಅವನೂ ತಾಯಿಯ ಬಳಿಗೆ ಹೋದ. ದಕ್ಷಿಣದ ರಾಜ್ಯಗಳ ಕಪ್ಪು ಜನರು ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆ ಹೋದ ಆ ಮಹಾವಲಸೆಯಲ್ಲಿ, 1910ರಿಂದ 1970ರವರೆಗೆ, ಸುಮಾರು 60 ಲಕ್ಷ ಮಂದಿ ನೆಲೆ ಬದಲಿಸಿದರೆಂದು ಚರಿತ್ರಕಾರರ ಲೆಕ್ಕ. ಆ 60 ಲಕ್ಷದಲ್ಲಿ ಈ ಬಾಲಕನೂ ಒಬ್ಬ. ಮಗನ ಕೈಯಲ್ಲಿ ರೇಖೆಯ ಶಕ್ತಿಯಿದೆಯೆಂದು ಗುರುತಿಸಿದ ತಾಯಿ, ಕ್ಲೀವ್‌ಲ್ಯಾಂಡ್ ಕಲಾಸಂಗ್ರಹಾಲಯವು ಪ್ರತಿಭಾವಂತ ಮಕ್ಕಳಿಗೆ ಶನಿವಾರಗಳಲ್ಲಿ ನಡೆಸುತ್ತಿದ್ದ ತರಗತಿಗೆ ಅವನನ್ನು ಸೇರಿಸಿದಳು. ಮುಂದೆ ಅವರು ಕ್ಲೀವ್‌ಲ್ಯಾಂಡ್ ಕಲಾಶಾಲೆಯಿಂದ 1938ರಲ್ಲಿ ಪದವಿ ಪಡೆದರು. ‘ಸ್ಮಿತ್’ ಎಂಬುದು ತೀರ ಸಾಮಾನ್ಯ ಹೆಸರಾಯಿತೆಂದು ವಿದ್ಯಾರ್ಥಿ ದೆಸೆಯಲ್ಲಿಯೇ ‘ಲೀ’ಯನ್ನು ಅದಕ್ಕೆ ಗಂಟುಹಾಕಿಕೊಂಡರು. ಯೌವನದ ಈ ಸಣ್ಣ ಠೀವಿಯನ್ನು ಯಾರೂ ಅವರಿಂದ ಕಸಿದುಕೊಳ್ಳಬೇಕಾಗಿಲ್ಲ.

ಕ್ಲೀವ್‌ಲ್ಯಾಂಡಿನಲ್ಲಿ 1915ರಲ್ಲಿ, ಅಂದರೆ ಲೀ-ಸ್ಮಿತ್ ಹುಟ್ಟಿದ ವರ್ಷವೇ, ಬಿಳಿಯ ದಂಪತಿಗಳಿಬ್ಬರು ವರ್ಣಭೇದವಿಲ್ಲದೆ ಎಲ್ಲರೂ ಕೂಡಿ ನಾಟಕವಾಡಬಹುದಾದ ಒಂದು ನೆಲೆಯನ್ನು ಸ್ಥಾಪಿಸಿದ್ದರು. ಅದು ಮುಂದೆ ಕರಾಮು ಹೌಸ್ ಎಂದು ಪ್ರಸಿದ್ಧವಾಯಿತು. ‘ಕರಾಮು’ ಎಂಬುದು ಆಫ್ರಿಕದ ಸ್ವಾಹಿಲಿ ಭಾಷೆಯ ಶಬ್ದ. ಸಂತೋಷದಿಂದ ಕೂಡುವ ತಾಣ ಎಂಬ ಅರ್ಥದಲ್ಲಿ ಆ ಸಂಸ್ಥೆಯವರು ಅದನ್ನು ಆರಿಸಿಕೊಂಡರು. ಲೀ-ಸ್ಮಿತ್ ಅಲ್ಲಿ ಕಲೆಯನ್ನು ಕಲಿಸಿದರು, ನಾಟಕ-ನೃತ್ಯಗಳಲ್ಲಿ ಪಾಲುಗೊಂಡರು. ಅವರ ಪ್ರೌಢ ಚಿತ್ರಗಳ ನೆಲವು ರಂಗಭೂಮಿಯ ಹಲಗೆಯಂತೆ ಸಪಾಟಾಗಿರುವುದಕ್ಕೂ, ಗೋಡೆಗಳು ರಂಗದ ಹಿಂಬದಿಯ ಪರದೆಯಂತೆ ನಿಲ್ಲುವುದಕ್ಕೂ, ಬೆಳಕು ಎಲ್ಲಿಂದಲೋ ಒಂದು ಪಕ್ಕದಿಂದ ಬೀಳುವುದಕ್ಕೂ ಈ ಅನುಭವ ಕಾರಣವಾಗಿರಬೇಕೆಂದು ಊಹಿಸುವುದು ಅನುಚಿತವಲ್ಲ. ವಿಚಿತ್ರವೆಂದರೆ, ಸಂತೋಷದಿಂದ ಕೂಡುವ ತಾಣದಲ್ಲಿ ರಂಗವಿದ್ಯೆಯನ್ನು ಕಲಿತವರು ಮುಂದೆ ಜೀವಮಾನವಿಡೀ ಬರೆದ ರಂಗದಲ್ಲಿ ಯಾರೂ ಕೂಡುವುದೇ ಇಲ್ಲ.

ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಅಮೆರಿಕದ ಸರ್ಕಾರ ಕಲಾವಿದರಿಗೆ ಕೂಲಿ ಕೊಟ್ಟು ಕೆಲಸ ಮಾಡಿಸುವ ಯೋಜನೆಯೊಂದನ್ನು ನಡೆಸಿತ್ತು. ಲೀ-ಸ್ಮಿತ್ ಓಹಿಯೋ ರಾಜ್ಯದಲ್ಲಿ ಆ ಯೋಜನೆಯಡಿ ಶಿಲಾಮುದ್ರಣದ ಚಿತ್ರಗಳನ್ನು ಮಾಡಿದರು. ದಕ್ಷಿಣ ಕೆರೊಲೈನಾದ ಕ್ಲಾಫ್ಲಿನ್ ಕಾಲೇಜಿನಲ್ಲಿ ಸ್ವಲ್ಪಕಾಲ ಪಾಠ ಹೇಳಿದರು. ಬಳಿಕ ಡೆಟ್ರಾಯಿಟಿಗೆ ಬಂದು ಫೋರ್ಡ್ ಕಂಪನಿಯ ರಿವರ್ ರೂಜ್ ಕಾರ್ಖಾನೆಯಲ್ಲಿ ದುಡಿದರು. ‘ಟೈರು ಹಿಡಿದ ಹುಡುಗ’ನನ್ನು ನೋಡುವಾಗ ಈ ಸಂಗತಿ ನೆನಪಿನಲ್ಲಿರಬೇಕು. ಮೋಟಾರು ಗಾಡಿ ಆ ನಗರದ ಅನ್ನ, ಆ ನಗರದ ಹೆಮ್ಮೆ. ಆ ಗಾಡಿಯಲ್ಲಿ ಹುಡುಗನ ಪಾಲಿಗೆ ಬಂದದ್ದು ಒಂದು ಟೈರು.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಅವರು ನೌಕಾಪಡೆಗೆ ಸೇರಿದರು. ಆಗಿನ ಅಮೆರಿಕದ ನೌಕಾಪಡೆಯಲ್ಲಿ ಕಪ್ಪು ನಾವಿಕರಿಗೆ ತರಬೇತಿಯ ಬಿಡಾರವೂ ಬೇರೆಯೇ. ಇಲಿನಾಯ್ ರಾಜ್ಯದ ಗ್ರೇಟ್ ಲೇಕ್ಸ್ ಕೇಂದ್ರದಲ್ಲಿ ಅವರಿಗೆ ಒಪ್ಪಿಸಿದ ಕೆಲಸವೆಂದರೆ ಕಪ್ಪು ನಾವಿಕರ ಮನೋಬಲವನ್ನು ಹೆಚ್ಚಿಸುವ ಚಿತ್ರಗಳನ್ನು ಬರೆಯುವುದು. ಅಮೆರಿಕದ ನೌಕಾಪಡೆಯಲ್ಲಿ ಕಪ್ಪು ಜನರು ಸಲ್ಲಿಸಿದ ಸೇವೆಯ ಚರಿತ್ರೆಯನ್ನು ಅವರು ಭಿತ್ತಿಚಿತ್ರವಾಗಿ ರಚಿಸಿದರು. ಬೇರೆ ಪಂಕ್ತಿಯಲ್ಲಿ ಕೂರಿಸಿ, ‘ನೀವೂ ನಮ್ಮವರೇ’ ಎಂಬ ಚಿತ್ರವನ್ನು ಅವರ ಕೈಯಲ್ಲೇ ಬರೆಸುವ ಈ ಏರ್ಪಾಟಿನ ಕ್ರೂರ ವ್ಯಂಗ್ಯ ಅವರ ಮನಸ್ಸಿಗೆ ತಟ್ಟದೆ ಇರಲಾರದು. ಸೇನೆಯಲ್ಲಿ ವರ್ಣಭೇದವನ್ನು ಕೊನೆಗೊಳಿಸುವ ಆಜ್ಞೆಯನ್ನು ಅಧ್ಯಕ್ಷ ಟ್ರೂಮನ್ ಹೊರಡಿಸಿದ್ದು 1948ರಲ್ಲಿ. ಅಷ್ಟರಲ್ಲಿ ಲೀ-ಸ್ಮಿತ್ ಸೇವೆಯಿಂದ ಬಿಡುಗಡೆ ಹೊಂದಿ ಮೂರು ವರ್ಷವಾಗಿತ್ತು.

ಯುದ್ಧಾನಂತರದ ಡೆಟ್ರಾಯಿಟಿನ ಕಥೆಯನ್ನು ತಿಳಿಯದೆ ಈ ಚಿತ್ರಗಳ ಗೋಡೆಗಳು ಅರ್ಥವಾಗುವುದು ಕಷ್ಟ. 1950ರ ಜನಗಣತಿಯಲ್ಲಿ ಆ ನಗರದ ಜನಸಂಖ್ಯೆ ಹದಿನೆಂಟೂವರೆ ಲಕ್ಷದ ಸಮೀಪವಿತ್ತು. ದುಡಿಮೆಗೆ ಜನ ಬೇಕು, ನೆರೆಮನೆಗೆ ಬೇಡ ಎಂಬುದು ಅಲ್ಲಿನ ನ್ಯಾಯ. 1943ರ ಜೂನ್ ತಿಂಗಳ ಗಲಭೆಯಲ್ಲಿ 34 ಮಂದಿ ಸತ್ತರು. ಅವರಲ್ಲಿ 25 ಮಂದಿ ಕಪ್ಪು ಜನರು. ಮನೆಗಳ ಕ್ರಯಪತ್ರಗಳಲ್ಲಿಯೇ ‘ಇದನ್ನು ಕಪ್ಪು ಜನರಿಗೆ ಮಾರತಕ್ಕದ್ದಲ್ಲ’ ಎಂಬ ಷರತ್ತು ಸೇರಿಸುತ್ತಿದ್ದರು. ಅಂಥ ಷರತ್ತುಗಳಿಗೆ ನ್ಯಾಯಾಲಯಗಳು ಬಲ ಕೊಡಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತುದು 1948ರಲ್ಲಿ. ಆ ತೀರ್ಪಿನಲ್ಲಿ ಸೇರಿದ್ದ ಮೊಕದ್ದಮೆಗಳಲ್ಲೊಂದು ಡೆಟ್ರಾಯಿಟಿನದೇ.

ಅದೇ ನಗರದ ಉತ್ತರದ ಅಂಚಿನಲ್ಲಿ, ಎಂಟನೆಯ ಮೈಲಿಯ ರಸ್ತೆಯ ಸಮೀಪ, ಇಂದಿಗೂ ಒಂದು ಗೋಡೆ ಉಳಿದಿದೆ. 1941ರಲ್ಲಿ ಕಟ್ಟಿದ್ದು, ಸುಮಾರು ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದ. ಅಲ್ಲಿ ಬಿಳಿಯರಿಗಾಗಿ ಹೊಸ ಮನೆಗಳನ್ನು ಕಟ್ಟಲು ಹೊರಟ ನಿರ್ಮಾಪಕನಿಗೆ ಸಾಲದ ಖಾತರಿ ಕೊಡಲು ಸರ್ಕಾರದ ವಸತಿ ಸಂಸ್ಥೆ ಒಪ್ಪಲಿಲ್ಲ. ಪಕ್ಕದಲ್ಲಿ ಕಪ್ಪು ಜನರ ಬಡಾವಣೆಯಿದೆ, ಅಪಾಯ, ಎಂದಿತು. ನಡುವೆ ಗಾರೆಯ ಗೋಡೆ ಎದ್ದಿತು, ಖಾತರಿ ದೊರೆಯಿತು. ಆ ಗೋಡೆಯನ್ನು ಕಟ್ಟುವಾಗ ಯಾರೂ ಯಾರಿಗೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಗುಮಾಸ್ತನೊಬ್ಬ ನಿಯಮವನ್ನು ಓದಿದ, ನಿರ್ಮಾಪಕ ಹಣ ಹೂಡಿದ, ಮೇಸ್ತ್ರಿ ಗಾರೆ ಕಲಸಿದ, ಕೊಂಡವರು ನೆಮ್ಮದಿಯಿಂದ ಗೃಹಪ್ರವೇಶ ಮಾಡಿದರು. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಅನುಮೋದಿಸಿದ್ದು ಎಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುವ ಕ್ರಮ ಬಲ್ಲವರಿಗೆ ಇಲ್ಲಿ ಯಾರ ಲೆಕ್ಕದಲ್ಲಿ ಏನು ಬೀಳುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೀ-ಸ್ಮಿತ್ ಆ ಗೋಡೆಯನ್ನೇ ಬರೆದರೆಂದು ಇಲ್ಲಿ ಹೇಳುತ್ತಿಲ್ಲ. ಅವರ ಗೋಡೆಗಳಿಗೆ ವಿಳಾಸವಿಲ್ಲ. ಆದರೆ ಹೊಡೆಯುವ ಕೈ ಕಾಣದಿರುವಾಗಲೂ ಗಾಯವಾಗುತ್ತದೆ ಎಂಬುದೇ ಅವರ ಚಿತ್ರಗಳ ವಸ್ತು. ಅವರ ಫಲಕಗಳಲ್ಲಿ ಪೊಲೀಸನಿಲ್ಲ, ಗಲಭೆಯಿಲ್ಲ, ಬೆಂಕಿಯಿಲ್ಲ, ಸಂಕೋಲೆಯಿಲ್ಲ. ಆಗಿಹೋದುದರ ನಂತರದ ನಿಶ್ಶಬ್ದ ಮಾತ್ರ ಇದೆ. ರಕ್ತ ಕಂಡಲ್ಲಿ ಮಾತ್ರ ಹಿಂಸೆಯನ್ನು ಗುರುತಿಸುವ ಕಣ್ಣಿಗೆ ಇವು ಸುಂದರವಾದ, ಕೊಂಚ ಮಂಕಾದ ಪ್ರಕೃತಿಚಿತ್ರಗಳಾಗಿಯೇ ಉಳಿಯುತ್ತವೆ.

ಕಲಾವಿಮರ್ಶಕರು ಈ ಚಿತ್ರಗಳಿಗೆ ಅತಿವಾಸ್ತವವಾದದ ಹಣೆಪಟ್ಟಿ ಹಚ್ಚುವುದುಂಟು. ಇಟಲಿಯ ಜಾರ್ಜಿಯೊ ದೆ ಕಿರಿಕೊ ಅವರ ನಿರ್ಜನ ಚೌಕಗಳ ನೆನಪು ಮಾಡಿಕೊಡುವುದುಂಟು. ನೀಳವಾದ ನೆರಳು, ಜನರಿಲ್ಲದ ಹರವು, ಪರಸ್ಪರ ಸಂಬಂಧವಿಲ್ಲದ ವಸ್ತುಗಳನ್ನು ಒಂದೆಡೆ ಇಡುವ ಪರಿ, ಇವುಗಳಲ್ಲಿ ಹೋಲಿಕೆ ಸ್ಪಷ್ಟವಾಗಿಯೇ ಇದೆ. ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಕಿರಿಕೊ ಅವರ ಚೌಕವು ಕನಸಿನಲ್ಲಿ ಬರಿದಾದುದು. ಎಚ್ಚರವಾದರೆ ಅಲ್ಲಿ ಮತ್ತೆ ಸಂತೆ ನೆರೆಯುತ್ತದೆ. ಲೀ-ಸ್ಮಿತ್ ಅವರ ಬಯಲು ಹಗಲಿನಲ್ಲಿ, ಎಲ್ಲರೂ ಎಚ್ಚರವಾಗಿರುವಾಗಲೇ ಬರಿದಾದುದು. ಅಮೆರಿಕದವರೇ ಆದ ಎಡ್ವರ್ಡ್ ಹಾಪರ್ ಅವರೊಡನೆ ಹೋಲಿಸುವವರೂ ಇದ್ದಾರೆ. ಹಾಪರ್ ಅವರ ಒಂಟಿಗರು ಹೋಟೆಲಿನ ಕೋಣೆಯಲ್ಲಿ, ರಾತ್ರಿಯ ಉಪಾಹಾರಗೃಹದಲ್ಲಿ ಕುಳಿತಿರುತ್ತಾರೆ. ಅವರ ದುಃಖ ನಿಜ. ಆದರೆ ಅವರಿಗೆ ಬಾಗಿಲು ತೆರೆದಿತ್ತು, ಒಳಗೆ ಹೋಗಿ ಕುಳಿತರು. 1940-50ರ ದಶಕದ ಅಮೆರಿಕದಲ್ಲಿ ಆ ಹೋಟೆಲಿನ ಕೋಣೆಯೂ, ಆ ಉಪಾಹಾರಗೃಹದ ಕುರ್ಚಿಯೂ ಎಷ್ಟೋ ಊರುಗಳಲ್ಲಿ ಕಪ್ಪು ಮನುಷ್ಯನಿಗೆ ದೊರೆಯುವಂತಿರಲಿಲ್ಲ. ಲೀ-ಸ್ಮಿತ್ ಅವರ ಮಾನವಾಕೃತಿಗಳು ಬಹುಮಟ್ಟಿಗೆ ಹೊರಗೇ, ಆಕಾಶದ ಕೆಳಗೇ ನಿಂತಿರುವುದನ್ನು ಕೇವಲ ಸಂಯೋಜನೆಯ ಚಮತ್ಕಾರವೆಂದು ತಳ್ಳಿಹಾಕಲಾಗದು.

ಹೀಗಿರುವಾಗ ‘ಅತಿವಾಸ್ತವ’ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುವಂತಿದೆ. ವಾಸ್ತವವೇ ಅಷ್ಟು ಅಸಹಜವಾಗಿದ್ದಾಗ ಅದನ್ನು ಇದ್ದಂತೆ ಬರೆದವನನ್ನು ಕನಸುಗಾರನೆನ್ನುವುದು ನೋಡುಗನಿಗೆ ಅನುಕೂಲ, ಅಷ್ಟೆ.

‘ಅಪರಿಚಿತ’ ಎಂಬ ಚಿತ್ರ 1957-58ರದು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಕಲಾಸಂಗ್ರಹಾಲಯದಲ್ಲಿದೆ. ತೆರೆದ ನೆಲದ ಹರವು, ದೂರದ ಏರಿನಲ್ಲಿ ಮನೆಗಳು, ಈಚೆಗೆ ಒಬ್ಬನೇ ಮನುಷ್ಯ. ಇಡೀ ಚಿತ್ರದ ಬಿಗಿ ಇರುವುದು ಮನುಷ್ಯನಿಗೂ ಮನೆಗಳಿಗೂ ನಡುವಣ ಅಂತರದಲ್ಲಿ. ಅದು ನಡೆದು ದಾಟಬಹುದಾದ ದೂರವೇ. ಅಲ್ಲೊಂದು ನದಿಯಾಗಲಿ ಕಂದಕವಾಗಲಿ ಇಲ್ಲ. ಆದರೂ ಅವನು ದಾಟಲಾರನೆಂಬುದು ಅವನ ನಿಲುವಿನಿಂದಲೇ ತಿಳಿಯುತ್ತದೆ. ಚಿತ್ರದ ಹೆಸರು ಇನ್ನೂ ಸೂಕ್ಷ್ಮವಾದುದು. ಅಪರಿಚಿತನೆಂದರೆ ಯಾರಿಗೆ ಅಪರಿಚಿತ? ಚಿತ್ರದಲ್ಲಿ ಕಾಣುವವನು ಅವನೊಬ್ಬನೇ. ಅವನನ್ನು ಅಪರಿಚಿತನೆಂದು ಕರೆಯುವ ದನಿ ಆ ಮನೆಗಳ ಒಳಗಿನಿಂದ ಬಂದುದಾಗಿರಬೇಕು; ಇಲ್ಲವೆ ಚಿತ್ರದ ಮುಂದೆ ನಿಂತವನದಾಗಿರಬೇಕು. ಹೆಸರನ್ನು ಓದಿದೊಡನೆ ನೋಡುಗ ತಾನೇ ಆ ಮಾತನ್ನು ಆಡಿದಂತಾಗುತ್ತದೆ. ಯಾವ ಆರೋಪವನ್ನೂ ಹೊರಿಸದೆ ನೋಡುಗನನ್ನು ಕಟಕಟೆಗೆ ತರುವ ಈ ಬಗೆ ಅಪರೂಪದ್ದು.

ಇಬ್ಬರಿರುವ ಚಿತ್ರಗಳು ಒಬ್ಬನಿರುವ ಚಿತ್ರಗಳಿಗಿಂತಲೂ ಹೆಚ್ಚು ಒಂಟಿಯಾಗಿವೆ. 1970ರ ಆಸುಪಾಸಿನ ‘ಮುಖಾಮುಖಿ’ಯಲ್ಲಿ ಪಾಳುಗೋಡೆಯ ಮುಂದೆ ಇಬ್ಬರು ಹುಡುಗಿಯರಿದ್ದಾರೆ. ಹೆಸರು ಮುಖಾಮುಖಿ, ಆದರೆ ಅವರ ನಡುವೆ ಮಾತಿನ ಸುಳಿವಾಗಲಿ ಗೆಳೆತನದ ಗುರುತಾಗಲಿ ಇಲ್ಲ. ಹತ್ತಿರವಿದ್ದೂ ಒಬ್ಬಳ ಪಾಲಿಗೆ ಇನ್ನೊಬ್ಬಳು ಇಲ್ಲ. ಲೀ-ಸ್ಮಿತ್ ಅವರ ಹಲವು ಚಿತ್ರಗಳಲ್ಲಿ ಇಂಥ ಜೋಡಿಗಳಲ್ಲಿ ಒಬ್ಬರು ಕಪ್ಪು, ಒಬ್ಬರು ಬಿಳಿ. ಕೆಲವೆಡೆ ಮೈಬಣ್ಣವನ್ನು ಅವರು ಬೇಕೆಂದೇ ಅಸ್ಪಷ್ಟವಾಗಿ ಇಡುತ್ತಾರೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು: ಗೋಡೆಯ ಆಚೆಗೆ ಇರುವವರಿಗೂ ಅವರು ಸುಖವನ್ನು ಕೊಟ್ಟಿಲ್ಲ. ಬಿಳಿಯ ಹುಡುಗಿಯೂ ಅದೇ ಬೂದುಬಣ್ಣದ ಆಕಾಶದ ಕೆಳಗೆ, ಅದೇ ಪಾಳಿನ ನಡುವೆ ನಿಂತಿದ್ದಾಳೆ. ಬೇಲಿ ಹಾಕಿದವನೂ ಬೇಲಿಯೊಳಗೇ ಉಳಿಯುತ್ತಾನೆಂಬ ಈ ನೋಟದಲ್ಲಿ ದ್ವೇಷವಿಲ್ಲ. ಹಾಗೆಂದು ಇಬ್ಬರ ಪಾಡೂ ಒಂದೇ ಎಂಬ ಸುಳ್ಳು ಸಮಾಧಾನವನ್ನೂ ಅವರು ಹೇಳುವುದಿಲ್ಲ.

ಅವರ ಮೇಲೆ ಒಂದು ಆಕ್ಷೇಪಣೆ ಇರುವುದುಂಟು. ಅದನ್ನು ಹಗುರವಾಗಿ ಕಾಣುವಂತಿಲ್ಲ. 1960ರ ದಶಕದ ನಡುವಿನಿಂದ ಅಮೆರಿಕದ ಕಪ್ಪು ಲೇಖಕ-ಕಲಾವಿದರಲ್ಲಿ ಎದ್ದ ಚಳವಳಿಯು, ಕಲೆ ಜನತೆಯ ಹೋರಾಟಕ್ಕೆ ನೇರವಾಗಿ ದನಿಯಾಗಬೇಕೆಂದು ಒತ್ತಾಯಿಸಿತು. ಬೀದಿಗಳಲ್ಲಿ ಜನ ಜೀವವನ್ನು ಪಣಕ್ಕಿಟ್ಟಿರುವಾಗ ಕಡಲತೀರದಲ್ಲಿ ಬಲೂನು ಹಿಡಿದವರನ್ನು ಬರೆಯುವುದು ಹೊಣೆಗಾರಿಕೆಯಿಂದ ನುಣುಚಿಕೊಳ್ಳುವುದಲ್ಲವೆ? ಜೇಕಬ್ ಲಾರೆನ್ಸ್ ಅವರು 1940-41ರಲ್ಲಿಯೇ ಮಹಾವಲಸೆಯ ಕಥೆಯನ್ನು 60 ಫಲಕಗಳಲ್ಲಿ, ಒಂದೊಂದಕ್ಕೂ ವಿವರಣೆಯ ವಾಕ್ಯವನ್ನು ಕೊಟ್ಟು, ಯಾರಿಗೂ ಸಂದೇಹ ಉಳಿಯದಂತೆ ಹೇಳಿದ್ದರು. ಅಲ್ಲಿ ರೈಲುನಿಲ್ದಾಣದ ಜನಸಂದಣಿಯಿದೆ, ಹಸಿವಿದೆ, ಸೆರೆಮನೆಯಿದೆ. ಅದರ ಪಕ್ಕದಲ್ಲಿಟ್ಟರೆ ಲೀ-ಸ್ಮಿತ್ ಮೌನಿ.

ಈ ಆಕ್ಷೇಪಣೆಗೆ ಉತ್ತರ 1952ರ ಇನ್ನೊಂದು ಕೃತಿಯಲ್ಲಿದೆ. ‘ಟೈರು ಹಿಡಿದ ಹುಡುಗ’ ರಚಿತವಾದ ವರ್ಷವೇ ರಾಲ್ಫ್ ಎಲಿಸನ್ ಅವರ ‘ಇನ್ವಿಸಿಬಲ್ ಮ್ಯಾನ್’ ಕಾದಂಬರಿ ಪ್ರಕಟವಾಯಿತು. ಕಣ್ಣೆದುರಿಗೆ ಇದ್ದರೂ ಸಮಾಜವು ಕಾಣಲೊಲ್ಲದ ಕಪ್ಪು ಮನುಷ್ಯನೊಬ್ಬನ ಕಥೆ ಅದು. ಲಾರೆನ್ಸ್ ಅವರು ಜನಾಂಗದ ಕಥೆಯನ್ನು ಹೇಳಿದರು. ಎಲಿಸನ್ ಮತ್ತು ಲೀ-ಸ್ಮಿತ್ ಅವರು, ಒಬ್ಬರು ಮಾತಿನಿಂದ ಇನ್ನೊಬ್ಬರು ಮೌನದಿಂದ, ಆ ಕಥೆ ಒಬ್ಬ ಮನುಷ್ಯನ ಒಳಗೆ ಏನನ್ನು ಉಳಿಸಿಹೋಗುತ್ತದೆಂಬುದನ್ನು ತೋರಿಸಿದರು. ಎರಡೂ ಬೇಕು. ಘೋಷಣೆಗೆ ಒಂದು ಕಾಲವಿದೆ; ಗಾಯವಾದವನ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದಕ್ಕೂ ಒಂದು ಕಾಲವಿದೆ. ತಮ್ಮ ಚಿತ್ರಗಳಲ್ಲಿನ ಒಂಟಿತನ ತಾವು ಕಪ್ಪು ಮನುಷ್ಯನಾಗಿರುವುದರಿಂದಲೇ, ತಮಗೇ ಪೂರ್ತಿ ಅರಿವಿಲ್ಲದಂತೆ, ಬಂದಿರಬೇಕೆಂದು ಲೀ-ಸ್ಮಿತ್ ಅವರೇ ಹೇಳಿಕೊಂಡಿದ್ದಾರೆ. ‘ಅರಿವಿಲ್ಲದಂತೆ’ ಎಂಬ ಮಾತನ್ನು ನಂಬಬಹುದು. ಬೇಕೆಂದು ಮಾಡಿದ ಒಂಟಿತನ ಇಷ್ಟು ದೀರ್ಘಕಾಲ ಬಾಳುತ್ತಿರಲಿಲ್ಲ.

ಬಲೂನು, ರಿಬ್ಬನ್ನು, ಬಣ್ಣದ ಕಂಬಗಳ ವಿಚಾರಕ್ಕೆ ಬಂದರೆ ಹೊಗಳಿಕೆ ಸ್ವಲ್ಪ ಹಿಂಜರಿಯಬೇಕಾಗುತ್ತದೆ. 1950ರ ದಶಕದ ಚಿತ್ರಗಳಲ್ಲಿ ಇವು ಬಂದಾಗ ಬೆಚ್ಚಿಬೀಳುವಂತಾಗುತ್ತದೆ. ಪಾಳುಬಿದ್ದ ಸ್ಥಳದಲ್ಲಿ ಹಬ್ಬದ ಒಂದು ಚೂರು. ಎಲ್ಲಿಯೋ ಜಾತ್ರೆಯಾಗಿದೆ, ಇವರನ್ನು ಕರೆದಿಲ್ಲ. ಆ ಒಂದು ಕೆಂಪು ಚುಕ್ಕೆ ಇಡೀ ಬೂದುಬಣ್ಣವನ್ನು ಇನ್ನಷ್ಟು ಬೂದಿಯಾಗಿಸುತ್ತದೆ. ಆದರೆ 1970ರ ದಶಕದ ನಂತರ ಇದೇ ಸಾಮಗ್ರಿ ಮತ್ತೆ ಮತ್ತೆ ಬರುತ್ತಾ ಬರುತ್ತಾ ಅಭ್ಯಾಸವಾಗಿಬಿಟ್ಟಿತೆಂದು ತೋರುತ್ತದೆ. ಆಕಾಶ ತಿಳಿಯಾಯಿತು, ಗೋಡೆಗಳು ನಯವಾದವು, ಆಕೃತಿಗಳು ಶಿಲ್ಪದಂತೆ ಅಂದವಾದವು. ಕೈಚಳಕ ಹೆಚ್ಚಿತು, ಕುತ್ತು ಕಡಿಮೆಯಾಯಿತು. ಸಿರಿವಂತರ ಹಜಾರದಲ್ಲಿ ತೂಗುಹಾಕಿದರೆ ಯಾರ ಊಟಕ್ಕೂ ಅಡ್ಡಿಯಾಗದಂಥ ಕೆಲವು ಚಿತ್ರಗಳೂ ಅವರಿಂದ ಬಂದಿವೆಯೆಂದು ಒಪ್ಪಿಕೊಳ್ಳುವುದರಿಂದ ಅವರ ಗೌರವಕ್ಕೆ ಕುಂದಿಲ್ಲ. ತನ್ನದೇ ಸಂಕೇತಗಳಿಗೆ ಸೆರೆಯಾಗದ ಕಲಾವಿದರು ವಿರಳ.

ಮನ್ನಣೆ ಅವರಿಗೆ ಬಂತು, ತಡವಾಗಿ, ತುಣುಕುತುಣುಕಾಗಿ ಬಂತು. ನೌಕಾಪಡೆಯಿಂದ ಮರಳಿದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ವೇಯ್ನ್ ವಿಶ್ವವಿದ್ಯಾಲಯದ ಪದವಿಯನ್ನು ಅವರು ಪಡೆದದ್ದು 1953ರಲ್ಲಿ. ಅದೇ ವರ್ಷ ಡೆಟ್ರಾಯಿಟ್ ಕಲಾಸಂಗ್ರಹಾಲಯದ ಬಹುಮಾನವೂ ಬಂದಿತು. 1958ರಲ್ಲಿ ನ್ಯೂಯಾರ್ಕಿಗೆ ನೆಲೆ ಬದಲಿಸಿದರು; ಅಲ್ಲಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಸಂಸ್ಥೆಯಲ್ಲಿ 1972ರಿಂದ ಹದಿನೈದು ವರ್ಷ ಪಾಠ ಹೇಳಿದರು. 1825ರಲ್ಲಿ ಸ್ಥಾಪಿತವಾದ ನ್ಯಾಷನಲ್ ಅಕಾಡೆಮಿ ಆಫ್ ಡಿಸೈನ್ ಅವರನ್ನು 1967ರಲ್ಲಿ ಪೂರ್ಣ ಸದಸ್ಯರನ್ನಾಗಿ ಆರಿಸಿತು. ಹೆನ್ರಿ ಓಸವಾ ಟ್ಯಾನರ್ ಅವರ ನಂತರ ಆ ಗೌರವಕ್ಕೆ ಪಾತ್ರರಾದ ಎರಡನೆಯ ಕಪ್ಪು ಕಲಾವಿದರು ಅವರು. ನೂರನಲವತ್ತು ವರ್ಷಗಳಲ್ಲಿ ಇಬ್ಬರು. ಆ ಸಭಾಂಗಣದಲ್ಲಿಯೂ ಅವರು ತಮ್ಮ ಚಿತ್ರದ ಮನುಷ್ಯನಂತೆಯೇ ನಿಂತಿದ್ದಿರಬೇಕು.

ಅವರ ಇಡೀ ಬಾಳಿನ ಕೃತಿಗಳನ್ನು ಒಂದೆಡೆ ಸೇರಿಸಿದ ದೊಡ್ಡ ಪ್ರದರ್ಶನ ನ್ಯೂಜರ್ಸಿ ರಾಜ್ಯದ ಟ್ರೆಂಟನ್ ನಗರದ ಸಂಗ್ರಹಾಲಯದಲ್ಲಿ ನಡೆದದ್ದು 1988ರಲ್ಲಿ, ಎಪ್ಪತ್ತು ದಾಟಿದ ಮೇಲೆ. 1994ರಲ್ಲಿ ನ್ಯೂಯಾರ್ಕ್ ನಗರದ ಮೊದಲ ಕಪ್ಪು ಮೇಯರ್ ಆಗಿದ್ದ ಡೇವಿಡ್ ಡಿಂಕಿನ್ಸ್ ಅವರ ಭಾವಚಿತ್ರವನ್ನು ನಗರಸಭಾಭವನಕ್ಕಾಗಿ ಬರೆದುಕೊಡುವ ಕೆಲಸ ಅವರ ಪಾಲಿಗೆ ಬಂತು. ಹೆಸರಿಲ್ಲದವರನ್ನು ಊರಾಚೆಯ ಬಯಲಿನಲ್ಲಿ ನಿಲ್ಲಿಸಿ ಐವತ್ತು ವರ್ಷ ಬರೆದ ಕೈಗೆ, ಹೆಸರುಳ್ಳ ಒಬ್ಬನನ್ನು ನಗರದ ಹೃದಯದಲ್ಲಿ, ಛಾವಣಿಯ ಕೆಳಗೆ ಬರೆಯುವ ಅವಕಾಶ. ಐದು ವರ್ಷಗಳ ತರುವಾಯ ನ್ಯೂಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಅವರು ತೀರಿಕೊಂಡರು, ವಯಸ್ಸು 83.

ಡೆಟ್ರಾಯಿಟಿನ ಕಪ್ಪು ಜನರ ಹಳೆಯ ಕೇರಿಗಳಲ್ಲಿ ಬಹುಪಾಲು ಈಗ ಇಲ್ಲ. ‘ಬ್ಲ್ಯಾಕ್ ಬಾಟಮ್’ ಎಂಬ ಕೇರಿಯನ್ನು ನಗರ ಸುಧಾರಣೆಯ ಹೆಸರಿನಲ್ಲಿ 1950ರ ದಶಕದಲ್ಲಿ ನೆಲಸಮ ಮಾಡಿದರು; ಅದರ ಮುಖ್ಯ ಬೀದಿಯಿದ್ದಲ್ಲಿ ಹೆದ್ದಾರಿ ಬಂದಿತು. ಎಂಟನೆಯ ಮೈಲಿಯ ಗೋಡೆಯ ಒಂದು ಭಾಗದ ಮೇಲೆ ಅಲ್ಲಿನ ಜನ 2006ರಲ್ಲಿ ಬಣ್ಣಬಣ್ಣದ ಚಿತ್ರಗಳನ್ನು ಬರೆದಿದ್ದಾರೆ. ಟೈರು ಹಿಡಿದ ಹುಡುಗ ಅದೇ ಊರಿನ ಸಂಗ್ರಹಾಲಯದ ಸೊತ್ತಾಗಿ ಉಳಿದಿದ್ದಾನೆ. ಆ ಊರಿನ ಶಾಲಾಮಕ್ಕಳಿಗೆ ಅವನ ಪರಿಚಯವಾದಾಗ ಅವರು ಮೊದಲು ಕೇಳಬಹುದಾದದ್ದು ಒಂದೇ: ಅವನ ಜೊತೆಯವರೆಲ್ಲ ಎಲ್ಲಿ ಹೋದರು?